ಮ್ಯಾಪ್‌ಗೆ ಲಾರಿಯ ಎತ್ತರ ಗೊತ್ತಿಲ್ಲ

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ಇಷ್ಟು ದಿನ ಊರಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಹೆವಿ ಲೈಸೆನ್ಸ್ ಆದ ಮೇಲೆ ಹಾಸನದಲ್ಲಿ ಲಾರಿಗೆ ಸೇರಿದ್ದಾರೆ. ಗಾಡಿ ಓಡಿಸಲು ತೊಂದರೆ ಇಲ್ಲ. ಆದರೆ ಮ್ಯಾಪ್ ಹೇಳಿದ ಕಡೆ ತಿರುಗಿಸಿ, ಹೋದ ವಾರ ಒಂದು ರೈಲ್ವೆ ಅಂಡರ್‌ಪಾಸ್ ಮುಂದೆ ಸಿಕ್ಕಿಕೊಂಡರು. ರಾತ್ರಿ ಹೊತ್ತು ರಿವರ್ಸ್ ತೆಗೆಯುವಷ್ಟರಲ್ಲಿ ಸಾಕಾಯಿತಂತೆ. ಆಫೀಸಿನವರು ಬಿಲ್ಲುಗಳನ್ನೆಲ್ಲ ವಾಟ್ಸಾಪ್‌ಗೆ ಕಳಿಸುತ್ತಾರೆ, ಟ್ರಿಪ್ ಲೆಕ್ಕ ಕಂಪ್ಯೂಟರ್‌ನಲ್ಲಿ ಹಾಕಿಕೊಡಿ ಅನ್ನುತ್ತಾರೆ. ಇವರು ಓದಿದ್ದು ಏಳನೇ ಕ್ಲಾಸು. ಯಾರನ್ನಾದರೂ ಕೇಳಲು ನಾಚಿಕೆ. ಕಂಪ್ಯೂಟರ್ ಕ್ಲಾಸಿಗೆ ಸೇರಿಸಲಾ?
– ಓದುಗರು, ಬೇಲೂರು ತಾಲ್ಲೂಕು

ಉತ್ತರ: ಈಗಲೇ ಕ್ಲಾಸು ಬೇಡ ತಂಗಿ. ಹಾಸನದಲ್ಲಿ ಲಾರಿ ಆಫೀಸಿನ ಬುಕಿಂಗ್ ಟೇಬಲ್ಲಿನಲ್ಲಿ ಕೂತು ಎಷ್ಟೋ ಹೊಸ ಡ್ರೈವರ್‌ಗಳನ್ನು ನೋಡಿದ್ದೇನೆ. ಬೇಗ ಕಲಿತವರೆಲ್ಲ ತಮ್ಮದೇ ಲೋಡು, ತಮ್ಮದೇ ಬಿಲ್ಲು ಮುಂದಿಟ್ಟುಕೊಂಡು ಕಲಿತವರು. ನಿಮ್ಮ ಯಜಮಾನರಿಗೂ ನಾಳೆಯ ಟ್ರಿಪ್ಪೇ ಪಾಠ ಆಗಲಿ.

ಮೊದಲು ಮ್ಯಾಪ್. ಗೂಗಲ್ ಮ್ಯಾಪ್‌ನಲ್ಲಿ ಕಾರು, ಬೈಕು, ಬಸ್ಸು, ನಡಿಗೆ ಅಂತ ಇದೆ. ಲಾರಿ ಅಂತ ಇಲ್ಲ. ಗಾಡಿ ಎಷ್ಟು ಎತ್ತರ, ಎಷ್ಟು ತೂಕ, ತಿರುಗಲು ಎಷ್ಟು ಜಾಗ ಬೇಕು, ಯಾವುದೂ ಅದಕ್ಕೆ ತಿಳಿಯುವುದಿಲ್ಲ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ಹಾಕಿ ನೋಡಿ. ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿಯುವ ದಾರಿ ಬರುತ್ತದೆ. ಕಾರಿನವರಿಗೆ ಅದು ಸರಿ. 2019ರ ಮಳೆಯಲ್ಲಿ ಗುಡ್ಡ ಕುಸಿದ ಮೇಲೆ ಅಲ್ಲಿ ಭಾರಿ ವಾಹನಗಳನ್ನು ನಿಲ್ಲಿಸಿದರು. ಅಂಥ ನಿರ್ಬಂಧ ಇದ್ದಾಗ ಲೋಡ್ ಗಾಡಿ ಮೂಡಿಗೆರೆಯಿಂದ ಸಕಲೇಶಪುರಕ್ಕೆ ಬಂದು ಶಿರಾಡಿ ಘಾಟಿ ಇಳಿಯಬೇಕು. ಜೋರು ಮಳೆಯಲ್ಲಿ ಶಿರಾಡಿಯೂ ಬಂದ್ ಆಗುವುದುಂಟು. ಇಂಥದ್ದನ್ನು ಹೊರಡುವ ಮುಂಚೆಯೇ ಆಫೀಸಿನಲ್ಲಿ, ಆ ಕಡೆಯಿಂದ ಬಂದ ಡ್ರೈವರ್‌ಗಳ ಹತ್ತಿರ ಕೇಳಿಕೊಳ್ಳಬೇಕು.

ಧ್ವನಿ ಕೇಳಿಕೊಂಡು ತಿರುಗಿಸುವುದಕ್ಕೂ ಮ್ಯಾಪ್ ಓದುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಓದುವುದು ಹಿಂದಿನ ರಾತ್ರಿ ಮನೆಯಲ್ಲಿ ಆಗಬೇಕು. ಇಬ್ಬರೂ ಜೊತೆಗೆ ಕೂತುಕೊಳ್ಳಿ. ಮ್ಯಾಪ್‌ನ ಮೇಲ್ಭಾಗ ಉತ್ತರ. ಹಾಸನವನ್ನು ನಡುವೆ ಇಟ್ಟರೆ ಎಡಕ್ಕೆ ಸಕಲೇಶಪುರ, ಬಲಕ್ಕೆ ಚನ್ನರಾಯಪಟ್ಟಣ, ಮೇಲೆ ಅರಸೀಕೆರೆ, ಕೆಳಗೆ ಹೊಳೆನರಸೀಪುರ. ಜಮೀನಿನ ನಕ್ಷೆ ನೋಡಿ ಬದು ಗುರುತಿಸುವ ರೈತರಿಗೆ ಇದು ಕಷ್ಟ ಅಲ್ಲ. ಮೊದಲು ಇಡೀ ದಾರಿ ನೋಡಲಿ. ಆಮೇಲೆ ಎರಡು ಬೆರಳಲ್ಲಿ ಹಿಗ್ಗಿಸಿ, ನೀಲಿ ಗೆರೆ ಎಲ್ಲೆಲ್ಲಿ ರೈಲು ಹಳಿಯನ್ನು ದಾಟುತ್ತದೆ ಅಂತ ಹುಡುಕಲಿ. ಅಲ್ಲಿ ಸ್ಯಾಟಲೈಟ್ ಚಿತ್ರ ಹಾಕಿದರೆ ರಸ್ತೆ ಹಳಿಯ ಮೇಲೆ ಹೋಗುತ್ತದೋ ಕೆಳಗೋ ಗೊತ್ತಾಗುತ್ತದೆ. ಕೆಳಗೆ ಹೋಗುವುದಾದರೆ, ಅದೂ ಸಣ್ಣ ರಸ್ತೆಯಾದರೆ, ಬೇರೆ ದಾರಿ ನೋಡಿ. ಟಾರ್ಪಾಲ್ ಕಟ್ಟಿದ ಮೇಲೆ ಗಾಡಿಯ ಎತ್ತರ ಟೇಪ್‌ನಲ್ಲಿ ಅಳೆದು ಕ್ಯಾಬಿನ್ನಿನಲ್ಲಿ ಬರೆದಿಡಲಿ. ಅಂಡರ್‌ಪಾಸ್ ಮುಂದೆ ಬರೆದಿರುವ ಎತ್ತರಕ್ಕೆ ಹೋಲಿಸಲು ಆಗ ಲೆಕ್ಕ ಸಿಗುತ್ತದೆ.

ಕೊನೆಗೆ ಒಂದು ಚೀಟಿ ಬರೆಯಲಿ. ಬೇಲೂರಿನಿಂದ ಹಾಸನಕ್ಕೆ ಹೆದ್ದಾರಿ 373, ಹಾಸನದಿಂದ ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ನೆಲಮಂಗಲಕ್ಕೆ 75. ಇಷ್ಟೇ. ರಾಷ್ಟ್ರೀಯ ಹೆದ್ದಾರಿ ನಂಬರ್‌ಗೆ ಒಂದು ಕ್ರಮ ಇದೆ, ಅದು ಗೊತ್ತಾದರೆ ದಾರಿ ತಪ್ಪಿದ್ದು ಬೇಗ ತಿಳಿಯುತ್ತದೆ. ಬೆಸ ನಂಬರ್ ಪೂರ್ವ-ಪಶ್ಚಿಮ, ಸಮ ನಂಬರ್ ಉತ್ತರ-ದಕ್ಷಿಣ. ಮೂರಂಕಿ ಇದ್ದರೆ ಕವಲು. ನಿಮ್ಮ ಬೇಲೂರಿನ ಮೇಲೆ ಹೋಗುವುದು 73. ಅದರಿಂದ ಬೇಲೂರಿನಲ್ಲಿ ಒಡೆದು ಹಾಸನಕ್ಕೆ ಬರುವುದು 373, ಮೂಡಿಗೆರೆಯಲ್ಲಿ ಒಡೆದು ಚಿಕ್ಕಮಗಳೂರಿಗೆ ಹೋಗುವುದು 173. ಚೆನ್ನಾಗಿದೆ ಅಲ್ವಾ? ನಂಬರ್ ಬದಲಾಗಿದ್ದು 2010ರಲ್ಲಿ. ಹಳೇ ಡ್ರೈವರ್‌ಗಳು ಮಂಗಳೂರು ರಸ್ತೆಗೆ 48 ಅಂದರೆ ಗಾಬರಿ ಬೇಡ, ಅದು ಈಗಿನ 75. ಈಗಿನ 48 ತುಮಕೂರು, ಚಿತ್ರದುರ್ಗದ ಕಡೆಯದು. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ.

ಊರಿನ ಹೆಸರು ಟೈಪ್ ಮಾಡಿ ಹೊರಡುವುದು ಬೇಡ. ಹೊಸಹಳ್ಳಿ ಅನ್ನುವ ಊರುಗಳು ನಮ್ಮ ಜಿಲ್ಲೆಯಲ್ಲೇ ಎಷ್ಟಿವೆ! ಲೋಡ್ ಇಳಿಸುವ ಪಾರ್ಟಿಗೆ ಫೋನ್ ಮಾಡಿ ಗೋಡೌನ್ ಗೇಟಿನ ಲೊಕೇಶನ್ ತರಿಸಿಕೊಳ್ಳಲಿ. ಘಾಟಿಯಲ್ಲಿ ಸಿಗ್ನಲ್ ಹೋಗುತ್ತದೆ, ಹಾಗಾಗಿ ಮನೆಯಲ್ಲೇ ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿಡಿ.

ಇನ್ನು ಬಿಲ್ಲು. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಮಾಲಿಗೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ, ಇರುತ್ತದೆ. ವಾಟ್ಸಾಪ್‌ಗೆ ಬಂದ ಪಿಡಿಎಫ್ ತೆರೆದು, ಗಾಡಿ ಕದಲಿಸುವ ಮುಂಚೆ ಎರಡು ವಿಷಯ ನೋಡಲೇಬೇಕು. ಪಾರ್ಟ್ ಬಿ-ಯಲ್ಲಿ ತಮ್ಮ ಗಾಡಿಯ ನಂಬರ್ ಸರಿಯಾಗಿದೆಯಾ, ಬಿಲ್ಲಿನ ವಾಯಿದೆ ಎಲ್ಲಿಯವರೆಗೆ. ಸಾಮಾನ್ಯ ಲೋಡಿಗೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಘಾಟಿ ಬಂದ್ ಆಗಿ ನಿಂತರೆ ತಕ್ಷಣ ಆಫೀಸಿಗೆ ಫೋನ್ ಮಾಡಲಿ. ವಾಯಿದೆ ಮುಗಿಯುವ 8 ಗಂಟೆ ಮುಂಚಿನಿಂದ, ಮುಗಿದ 8 ಗಂಟೆಯ ಒಳಗೆ ಅದನ್ನು ಮುಂದುವರಿಸಬಹುದು. ಗಾಡಿ ಕೆಟ್ಟು ಮಾಲನ್ನು ಬೇರೆ ಲಾರಿಗೆ ಹಾಕಿದರೆ ಆ ನಂಬರ್ ಪಾರ್ಟ್ ಬಿ-ಗೆ ಹಾಕಿಸಬೇಕು. ಡ್ರೈವರ್ ಹೇಳದಿದ್ದರೆ ಆಫೀಸಿಗೆ ತಿಳಿಯುವುದಾದರೂ ಹೇಗೆ? ಲೈಸೆನ್ಸ್, ಆರ್‌ಸಿಯನ್ನು ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಇಟ್ಟುಕೊಂಡು, ತೆರೆದು ತೋರಿಸುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಲಿ.

ಟ್ರಿಪ್ ಲೆಕ್ಕಕ್ಕೆ ಲ್ಯಾಪ್‌ಟಾಪ್ ತರಬೇಡಿ. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಕಂಪ್ಯೂಟರ್ ಇದೆಯಾ ವಿಚಾರಿಸಿ. ರಜೆಯ ದಿನ ನೀವೂ ಜೊತೆಗೆ ಹೋಗಿ. ಅವರೊಬ್ಬರೇ ಕೂತರೆ ನಾಚಿಕೆ ಜಾಸ್ತಿ, ಇಬ್ಬರೂ ಕಲಿಯುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಆಫೀಸಿನವರಿಂದ ಹಳೆಯ ಟ್ರಿಪ್ ಶೀಟ್ ಒಂದನ್ನು ಕೇಳಿ ತಂದು, ಅದನ್ನೇ ನೋಡಿ ಟೈಪ್ ಮಾಡಲಿ: ತಾರೀಕು, ಹೊರಟ ಊರು, ಸೇರಿದ ಊರು, ಮೀಟರ್, ಡೀಸೆಲ್, ಟೋಲ್, ಡ್ರೈವರ್ ಭತ್ಯೆ. ನಿಧಾನ ಆದರೂ ಪರವಾಗಿಲ್ಲ, ನೀವು ಪಕ್ಕದಲ್ಲಿ ಕೂತು ಟೈಪ್ ಮಾಡಿಕೊಡುವುದು ಮಾತ್ರ ಬೇಡ. ಇಷ್ಟು ಕೈಗೆ ಬಂದ ಮೇಲೆ ಕ್ಲಾಸಿಗೆ ಸೇರಿಸಿ. ಆಗ ಅದೇ ಶೀಟನ್ನು ಮೇಷ್ಟರ ಮುಂದಿಟ್ಟು, ಡೀಸೆಲ್ ಮತ್ತು ಟೋಲ್ ತಾನಾಗೇ ಕೂಡುವ ಹಾಗೆ ಎಕ್ಸೆಲ್‌ನಲ್ಲಿ ಮಾಡುವುದನ್ನು ಹೇಳಿಕೊಡಿ ಅಂತ ಕೇಳಲಿ.