ಪ್ರತಿ: ನನ್ನ ಪ್ಯಾಕೇಜ್ ಹಾಕಿದ ಮೇಲೆ ಎಂಜಿನ್‌ಎಕ್ಸ್ ಏಳುತ್ತಿಲ್ಲ
ಸೋಮವಾರಪೇಟೆ ಆಫೀಸಿನ ಡೆಬಿಯನ್ ಲಿನಕ್ಸ್ ಮೆಷಿನ್‌ನಲ್ಲಿ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇತ್ತು, ಕಾಫಿ ಲೆಕ್ಕದ ನಿಮ್ಮ ಡೆಬ್ (ಡೆಬಿಯನ್‌ನ) ಪ್ಯಾಕೇಜ್ ಹಾಕಿದ ಮೇಲೆ ಕರೆಂಟ್ ಹೋಗಿ ಬಂದರೆ ಇನ್ನೊಂದು ವೆಬ್ ಸರ್ವರ್ ಆದ ಅಪಾಚೆಯ ಪುಟ ಬರುತ್ತದೆ, ಅಪಾಚೆ ಬೇಕು ಅಂತ ನಾನು ಎಲ್ಲೂ ಬರೆದಿಲ್ಲ ಅಂದಿದ್ದೀರಿ.

ಬರೆದಿದ್ದೀರಿ ಸರ್, ಗೊತ್ತಿಲ್ಲದೆ. ನಿಮ್ಮ ಪ್ಯಾಕೇಜ್‌ಗೆ ಕಡ್ಡಾಯವಾಗಿ ಬೇಕಾದವನ್ನು ಬರೆಯುವ ಡಿಪೆಂಡ್ಸ್ ಸಾಲಿನಲ್ಲಿ ಪಿಎಚ್‌ಪಿ ಭಾಷೆಗೆ ಬರೀ 'ಪಿಎಚ್‌ಪಿ' ಅಂತಿದೆ. ಆ 'ಪಿಎಚ್‌ಪಿ' ಪ್ಯಾಕೇಜ್‌ಗೆ, ಪಿಎಚ್‌ಪಿಯನ್ನು ವೆಬ್ ಸರ್ವರ್‌ಗೆ ಜೋಡಿಸುವ ಅಪಾಚೆ ಮಾಡ್ಯೂಲ್, ಎಫ್‌ಪಿಎಂ, ಸಿಜಿಐ ಮೂರರಲ್ಲಿ ಒಂದಿದ್ದರೆ ಸಾಕು. ಯಾವುದೂ ಇಲ್ಲದಿದ್ದರೆ ಪ್ಯಾಕೇಜ್ ಹಾಕುವ ಆ್ಯಪ್ಟ್ ಮೊದಲನೆಯದನ್ನೇ ಎತ್ತಿಕೊಳ್ಳುತ್ತದೆ, ಅದರ ಬೆನ್ನಿಗೆ ಅಪಾಚೆಯೂ ಬರುತ್ತದೆ. ಆಮೇಲೆ ಬೂಟ್ ಆದಾಗ ವೆಬ್ ಪುಟಗಳ ಬಾಗಿಲಾದ ಪೋರ್ಟ್ 80 ಮೊದಲು ಹಿಡಿದವರದ್ದು. ನಮ್ಮ ಮಳೆಗಾಲದಲ್ಲಿ ಈ ಓಟ ದಿನಕ್ಕೆ ನಾಲ್ಕು ಸಲ!

'ಪಿಎಚ್‌ಪಿ' ತೆಗೆದು 'ಪಿಎಚ್‌ಪಿ-ಎಫ್‌ಪಿಎಂ' ಹಾಕಿ. ವೆಬ್ ಸರ್ವರ್ ಹೆಸರನ್ನು ಡಿಪೆಂಡ್ಸ್‌ನಲ್ಲಿ ಇಡದೆ, ಕಡ್ಡಾಯವಲ್ಲದ ಶಿಫಾರಸಿನ ರೆಕಮೆಂಡ್ಸ್ ಸಾಲಿನಲ್ಲಿ 'ಎಂಜಿನ್‌ಎಕ್ಸ್ | ಎಚ್‌ಟಿಟಿಪಿಡಿ' (ಎಂಜಿನ್‌ಎಕ್ಸ್ ಅಥವಾ ಯಾವುದೇ ವೆಬ್ ಸರ್ವರ್) ಅಂತ ಬರೆಯಿರಿ. ಜೊತೆಗೆ ಇರಬಾರದವನ್ನು ಬರೆಯುವ ಕಾನ್‌ಫ್ಲಿಕ್ಟ್ಸ್‌ನಲ್ಲಿ ಅಪಾಚೆ ಹಾಕುವ ಯೋಚನೆ ಬಿಡಿ, ಬೇರೆ ಪೋರ್ಟ್‌ನಲ್ಲಿ ಅದನ್ನು ಓಡಿಸುವವರೂ ಇರುತ್ತಾರೆ.

ಇನ್ನೊಂದು. ಪ್ಯಾಕೇಜ್ ಹಾಕಿದ ಮೇಲೆ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟ್‌ನಿಂದ ಎಂಜಿನ್‌ಎಕ್ಸ್‌ನ ಮುಖ್ಯ ಕಾನ್ಫಿಗ್ ತಿದ್ದಬೇಡಿ, ಅದು ಇನ್ನೊಂದು ಪ್ಯಾಕೇಜ್‌ನ ಸೊತ್ತು. ನಿಮ್ಮದೇ ಫೈಲನ್ನು ಎಂಜಿನ್‌ಎಕ್ಸ್‌ನ ಸೈಟ್ಸ್-ಅವೈಲಬಲ್ ಫೋಲ್ಡರ್‌ನಲ್ಲಿ ಇಡಿ.

ಈಗಿನ ಮೆಷಿನ್‌ಗೆ ಸುಮ್ನೆ ಎಫ್‌ಪಿಎಂ ಹಾಕಿ, ಸಿಸ್ಟಂಸಿಟಿಎಲ್ ಕಮಾಂಡ್‌ನಿಂದ ಅಪಾಚೆಯನ್ನು ಡಿಸೇಬಲ್ ಮಾಡಿ ಒಮ್ಮೆ ರೀಬೂಟ್ ಮಾಡಿದರೆ ಸಾಕು.