ಸಿಲಿಕೋನ್ ಟ್ಯೂಬ್ ಪಕ್ಕಕ್ಕಿಡಿ, ಮೊದಲು ಕನೆಕ್ಟರ್ ಬಿಚ್ಚಿ ನೋಡಿ

ಮಳೆ ಶುರುವಾಗುವ ಮುಂಚೆ ಬೈಕಿನ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್‌ಗಳಿಗೆಲ್ಲ ಸಿಲಿಕೋನ್ ಅಂಟು ತುಂಬಿ, ಮೇಲೆ ಟೇಪ್ ಸುತ್ತಿಬಿಟ್ಟರೆ ಒಂದು ಹನಿ ನೀರೂ ಒಳಗೆ ಹೋಗುವುದಿಲ್ಲ ಅಲ್ಲವೇ, ಅದಕ್ಕೆ ಯಾವ ಸಿಲಿಕೋನ್ ಒಳ್ಳೆಯದು ಎಂದು ಕೇಳಿದ್ದೀರಿ. ಯಾವುದೂ ಬೇಡ. ನೀವು ಮಾಡಹೊರಟಿರುವುದನ್ನೇ ನಾನು ಒಂದು ಭಾನುವಾರ ಬೆಳಿಗ್ಗೆ ಕುಳಿತು, ಬಹಳ ಶ್ರದ್ಧೆಯಿಂದ ಮಾಡಿದ್ದೆ.

ಬೈಕು ತೆಗೆದುಕೊಂಡು ಎರಡು ವರ್ಷವಾಗಿತ್ತು. ಒಂದು ಜೋರು ಮಳೆಯಲ್ಲಿ ಬಂದ ಮೇಲೆ ಇಂಡಿಕೇಟರ್ ಒಮ್ಮೆ ಹತ್ತುವುದು, ಒಮ್ಮೆ ಹತ್ತದಿರುವುದು ಶುರುವಾಯಿತು. ಸೀಟು ಎತ್ತಿ ಒಂದು ಕನೆಕ್ಟರ್ ಬಿಚ್ಚಿದರೆ ಒಳಗೆ ನೀರಿನ ಹನಿಗಳು. ಅದನ್ನು ನೋಡಿ ನನಗೆ ದಿಗಿಲಾಯಿತು. ಬಟ್ಟೆಯಿಂದ ಒರೆಸಿದೆ, ಬಾಯಿಂದ ಊದಿದೆ, ಮತ್ತೆ ಜೋಡಿಸಿದೆ. ಕಿಟಕಿ ಗಾಜಿನ ಅಂಚಿಗೆ, ಸಿಂಕಿನ ಸುತ್ತ ಹಾಕುವ ಪಾರದರ್ಶಕ ಸಿಲಿಕೋನ್ ಮನೆಯಲ್ಲಿತ್ತು. ಕೈಗೆ ಸಿಕ್ಕ ಪ್ರತಿ ಕನೆಕ್ಟರಿನ ಹಿಂಬದಿಗೂ, ವೈರ್ ಒಳಗೆ ಹೋಗುವ ಜಾಗಕ್ಕೂ ಅದನ್ನು ತುಂಬಿದೆ. ಮೇಲೆ ಕಪ್ಪು ಇನ್ಸುಲೇಷನ್ ಟೇಪನ್ನು ಎಳೆದೆಳೆದು ಬಿಗಿಯಾಗಿ ಸುತ್ತಿದೆ. ಎರಡು ದಿನ ಸೀಟಿನ ಕೆಳಗಿಂದ ವಿನೆಗರಿನಂಥ ಹುಳಿ ವಾಸನೆ ಬರುತ್ತಿತ್ತು. ಆ ವಾಸನೆಯೇ ನನಗೆ ಎಚ್ಚರಿಕೆಯಾಗಬೇಕಿತ್ತು, ಆಗಲಿಲ್ಲ. ಮೊದಲ ಮಳೆ ಹೋಯಿತು, ಎರಡನೆಯದೂ ಹೋಯಿತು, ಏನೂ ಆಗಲಿಲ್ಲ. ಆ ಧೈರ್ಯದಲ್ಲಿ ನನ್ನ ಗೆಳೆಯನ ಬೈಕಿಗೂ ಅದನ್ನೇ ಮಾಡಿಕೊಟ್ಟೆ. ಈ ಕಥೆಯಲ್ಲಿ ನನಗೆ ಇಂದಿಗೂ ನೋವು ಕೊಡುವ ಭಾಗ ಅದು.

ಐದಾರು ತಿಂಗಳು ಕಳೆದವು. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಎಂಜಿನ್ ಒಲ್ಲದ ಮನಸ್ಸಿನಿಂದ ತಿರುಗುತ್ತಿತ್ತು. ಹಾರ್ನಿನ ಗಂಟಲು ಕಟ್ಟಿತು. ಬ್ಯಾಟರಿಗೆ ವಯಸ್ಸಾಯಿತು ಎಂದುಕೊಂಡು ಹೊಸದು ಹಾಕಿಸಿದೆ. ಎರಡು ವಾರಕ್ಕೆ ಹೊಸ ಬ್ಯಾಟರಿಯೂ ಅದೇ ರಾಗ ಹಾಡಿತು. ಆಗಲಾದರೂ ನಿಂತು ಯೋಚಿಸಬೇಕಿತ್ತು. ಒಂದು ರಾತ್ರಿ ಮಳೆಯಲ್ಲಿ, ಏರುದಾರಿಯಲ್ಲಿ, ಹೆಡ್‌ಲೈಟು ಮೊದಲು ಹಳದಿಯಾಯಿತು, ಆಮೇಲೆ ಎಣ್ಣೆ ತೀರಿದ ದೀಪದ ಬತ್ತಿಯಂತೆ ಕೆಂಪಗಾಯಿತು, ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತಿತು. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ತಿರುಗುವಷ್ಟೂ ವೋಲ್ಟೇಜ್ ಉಳಿದಿರಲಿಲ್ಲ. ಹಿಂದಿನ ದೀಪವೂ ಇಲ್ಲದ ಬೈಕನ್ನು ಕತ್ತಲ ತಿರುವುಗಳಲ್ಲಿ ತಳ್ಳಿಕೊಂಡು ಬರುವಾಗ ಹಿಂದಿನಿಂದ ಬರುವ ಪ್ರತಿ ಲಾರಿಯ ಸದ್ದಿಗೂ ಎದೆ ಝಲ್ಲೆನ್ನುತ್ತಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ವೈರಿಂಗ್ ಕೆಡುವುದೆಂದರೆ ಬರೀ ಖರ್ಚಿನ ವಿಷಯ ಎಂದು ತಿಳಿಯಬೇಡಿ.

ಮರುದಿನ ವೈರಿಂಗ್ ಕೆಲಸವನ್ನೇ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆ. ಅವರು ಮೀಟರ್ ಹೊರತೆಗೆಯುವ ಮುಂಚೆ ಸೀಟಿನ ಕೆಳಗೆ ಬಗ್ಗಿ ಮೂಸಿ ನೋಡಿದರು. ನಾನು ಸುತ್ತಿದ್ದ ಟೇಪಿನ ಮೇಲೆ ಬ್ಲೇಡ್ ಎಳೆದರು. ಟೇಪಿನ ಅಂಟು ಕರಗಿ ಬೆಲ್ಲದ ಪಾಕದಂತೆ ಎಳೆಯಾಗಿ ಬಂತು. ಅದರೊಳಗಿನ ಸಿಲಿಕೋನ್ ಒಂದೇ ಮುದ್ದೆಯಾಗಿ ಕಿತ್ತು ಬಂತು. ಕನೆಕ್ಟರ್ ಬಿಚ್ಚಿದೊಡನೆ ಕೆಳಗೆ ಹಾಸಿದ್ದ ಪತ್ರಿಕೆಯ ಮೇಲೆ ಹಸಿರು ಮಿಶ್ರಿತ ಕಂದು ನೀರು ಎರಡು ಹನಿ ಬಿತ್ತು. ಹೊರಗೆ ಮಳೆ ನಿಂತು ಎಷ್ಟೋ ಹೊತ್ತಾಗಿದ್ದರೂ ಅಲ್ಲಿ ನೀರು ಹಾಗೇ ಇತ್ತು. ಎಂಜಿನ್ ಒಳಗೆ ಕರೆಂಟ್ ಹುಟ್ಟಿಸುವ ಕಾಯಿಲಿನಿಂದ, ಅದನ್ನು ಬ್ಯಾಟರಿಗೆ ತಕ್ಕಂತೆ ಹದಗೊಳಿಸುವ ರೆಗ್ಯುಲೇಟರಿಗೆ ಹೋಗುವ ಮೂರು ಹಳದಿ ವೈರುಗಳ ಕನೆಕ್ಟರ್ ಅದು. ಎರಡು ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಮೂರನೆಯದು ಸುಟ್ಟು ಕಪ್ಪಾಗಿತ್ತು, ಅದರ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕರಗಿ ಚಹಾದ ಬಣ್ಣಕ್ಕೆ ತಿರುಗಿತ್ತು.

"ಒಣಗಿಸಿ ಮುಚ್ಚಿದ್ದೆಯೇನಪ್ಪಾ?" ಎಂದು ಕೇಳಿದರು.

"ಬಟ್ಟೆಯಲ್ಲಿ ಒರೆಸಿದ್ದೆ," ಎಂದೆ.

ಅವರು ಏನೂ ಹೇಳದೆ ವೈರಿನ ಸಿಪ್ಪೆಯನ್ನು ಒಂದಿಷ್ಟು ಸುಲಿದು ನನ್ನ ಕೈಗೆ ಕೊಟ್ಟರು. ಒಳಗಿನ ತಾಮ್ರದ ಎಳೆಗಳು ಕರಿ ಕೂದಲಿನಂತಿದ್ದವು. ಇನ್ನಷ್ಟು ಸುಲಿದರೂ ಕಪ್ಪೇ. ಹೊಳೆಯುವ ತಾಮ್ರ ಸಿಗಲು ನಾಲ್ಕು ಬೆರಳಿನಷ್ಟು ಉದ್ದ ಕತ್ತರಿಸಬೇಕಾಯಿತು.

ನನ್ನ ತಪ್ಪು ಏನೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ 'ಸಿಲಿಕೋನ್ ಹಾಕಬಾರದು' ಎಂದಷ್ಟೇ ಹೇಳಿದರೆ ನೀವು ಅದರ ಬದಲು ಮತ್ತೊಂದು ಅಂಟು ಹುಡುಕುತ್ತೀರಿ. ಮೊದಲನೆಯದಾಗಿ, ಒರೆಸಿದರೆ ಒಣಗಿತು ಎಂದು ನಂಬಿದೆ. ಪಿನ್ನು ಕೂರುವ ಸಣ್ಣ ಗೂಡಿನಲ್ಲಿ, ಪಿನ್ನಿಗೆ ವೈರನ್ನು ಹಿಸುಕಿ ಕೂರಿಸಿದ ಜಾಗದಲ್ಲಿ ನೀರು ಅಂಟಿಕೊಂಡೇ ಇರುತ್ತದೆ, ಬಟ್ಟೆ ಅಲ್ಲಿಗೆ ತಲುಪುವುದಿಲ್ಲ. ಅದರ ಮೇಲೆ ಸಿಲಿಕೋನ್ ಮೆತ್ತಿದ್ದು ಕಳ್ಳನನ್ನು ಒಳಗೇ ಬಿಟ್ಟು ಬಾಗಿಲಿಗೆ ಬೀಗ ಹಾಕಿದಂತಾಯಿತು. ತೆರೆದೇ ಬಿಟ್ಟಿದ್ದರೆ ಆ ನೀರು ಎಂಜಿನ್ನಿನ ಬಿಸಿಗೆ ತಾನಾಗಿಯೇ ಆವಿಯಾಗಿ ಹೋಗುತ್ತಿತ್ತು.

ಎರಡನೆಯದು ಆ ಹುಳಿ ವಾಸನೆ. ಹುಳಿ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ವಿನೆಗರಿನಲ್ಲಿರುವುದೂ ಅದೇ ಆಮ್ಲ. ಗಾಜಿಗೆ ಅದರಿಂದ ತೊಂದರೆಯಿಲ್ಲ, ತಾಮ್ರಕ್ಕೆ ಅದು ವಿಷ. ಸಿಲಿಕೋನ್ ಗಾಳಿಯ ತೇವದಿಂದ ಹೊರಮೈಯಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ದಪ್ಪ ಮುದ್ದೆಯಾಗಿ ತುಂಬಿ ಮೇಲೆ ಟೇಪ್ ಸುತ್ತಿದರೆ ಒಳಭಾಗ ದಿನಗಟ್ಟಲೆ ಹಸಿಯಾಗಿಯೇ ಇದ್ದು, ಬಿಟ್ಟ ಆಮ್ಲ ಹೊರಗೆ ಹೋಗಲು ದಾರಿಯಿಲ್ಲದೆ ಪಿನ್ನುಗಳನ್ನೇ ತಿನ್ನುತ್ತದೆ. ತಾಮ್ರಕ್ಕೆ ನೀರು, ಆಮ್ಲ, ಬಿಸಿ ಮೂರನ್ನೂ ನಾನೇ ಒಟ್ಟಿಗೆ ಕೂಡಿಸಿಟ್ಟಿದ್ದೆ.

ಮೂರನೆಯದು ನನಗೆ ತೀರಾ ತಡವಾಗಿ ಅರ್ಥವಾಯಿತು. ನೀರು ಬರುವುದು ಕನೆಕ್ಟರಿನ ಬಾಯಿಂದ ಮಾತ್ರವಲ್ಲ. ವೈರಿನೊಳಗೆ ಹತ್ತಾರು ಸಣ್ಣ ಎಳೆಗಳಿರುತ್ತವೆ, ಅವುಗಳ ನಡುವಿನ ಸಂದಿ ದೀಪದ ಬತ್ತಿಯ ಕೆಲಸ ಮಾಡುತ್ತದೆ. ಬೈಕು ಓಡುವಾಗ ಕನೆಕ್ಟರ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಮಳೆನೀರು ಬಿದ್ದು ತಣ್ಣಗಾದಾಗ ಕುಗ್ಗುತ್ತದೆ. ಕುಗ್ಗುವಾಗ ಎಲ್ಲಿ ಸೂಜಿಮೊನೆಯಷ್ಟು ಜಾಗವಿದೆಯೋ ಅಲ್ಲಿಂದ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಹನಿಯೂ ಹೋಗಬಾರದು ಎಂಬ ನಿಮ್ಮ ಗುರಿಯೇ ತಪ್ಪು ಎನ್ನುವುದು ಇದಕ್ಕೇ. ನೀರು ಹೋಗೇ ಹೋಗುತ್ತದೆ. ಹೋದ ನೀರು ಲೋಹವನ್ನು ಮುಟ್ಟದ ಹಾಗೆ, ಬೇಗ ಹೊರಬೀಳುವ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಒಂದು ಪಿನ್ನಿಗೆ ಕಿಲುಬು ಹಿಡಿದರೆ ಅಷ್ಟೇನು ಎನ್ನಬೇಡಿ. ಕಿಲುಬಿನಿಂದ ಆ ಜಾಗದ ಪ್ರತಿರೋಧ ಕೇವಲ 0.1 ಓಮ್ ಹೆಚ್ಚಿತು ಎಂದುಕೊಳ್ಳಿ. ಅಲ್ಲಿ 10 ಆಂಪಿಯರ್ ಹರಿದರೆ 1 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, 10 ವ್ಯಾಟ್ ಶಾಖ ಹುಟ್ಟುತ್ತದೆ. ಎಷ್ಟೋ ಬೈಕುಗಳ ಇಂಡಿಕೇಟರ್ ಬಲ್ಬ್ 10 ವ್ಯಾಟಿನದು, ಉರಿಯುತ್ತಿರುವ ಆ ಬಲ್ಬನ್ನು ಬರಿಗೈಯಲ್ಲಿ ಹಿಡಿಯಲಾಗುವುದಿಲ್ಲ. ಅಷ್ಟು ಶಾಖ ಬೆಂಕಿಕಡ್ಡಿಯಗಲದ ಪಿನ್ನಿನ ಮೇಲೆ ಕೂರುತ್ತದೆ. ಬಿಸಿಗೆ ಕಿಲುಬು ಬೆಳೆಯುತ್ತದೆ, ಕಿಲುಬಿಗೆ ಬಿಸಿ ಏರುತ್ತದೆ. ಮೂರು ಹಳದಿ ವೈರುಗಳಲ್ಲಿ ಒಂದು ಹೋದರೂ ಚಾರ್ಜಿಂಗ್ ಪೂರ್ತಿ ನಿಲ್ಲದೆ ಕುಂಟುತ್ತಾ ಸಾಗುತ್ತದೆ. ಅದಕ್ಕೇ ನಾನು ಬ್ಯಾಟರಿಯನ್ನು ದೂರಿದೆ. ಹೊಸ ಬ್ಯಾಟರಿ ಹಾಕಿಸುವ ಮುಂಚೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದಿದ್ದರೆ ಸಾಕಿತ್ತು. ಎಂಜಿನ್ನನ್ನು ಸುಮಾರು 5000 ಆರ್‌ಪಿಎಂಗೆ ಏರಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆದರೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ನನ್ನದು 12 ದಾಟುತ್ತಿರಲಿಲ್ಲ.

ಈಗ ನಾನು ಮಾಡುವುದನ್ನು ಹೇಳುತ್ತೇನೆ. ಮಳೆಗಾಲಕ್ಕೆ ಮುಂಚೆ, ಒಣ ಬಿಸಿಲಿನ ದಿನ ನೋಡಿ, ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಬಿಚ್ಚಿ ಪಕ್ಕಕ್ಕಿಡುತ್ತೇನೆ. ಒಂದು ಕನೆಕ್ಟರ್ ಬಿಚ್ಚುತ್ತೇನೆ, ಅದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ. ವೈರ್ ಹಿಡಿದು ಎಳೆಯದೆ, ಪ್ಲಾಸ್ಟಿಕ್ಕಿನ ನಾಲಿಗೆಯನ್ನು ಒತ್ತಿ ಬಿಡಿಸುತ್ತೇನೆ. ಪಿನ್ನುಗಳ ಕೊಳೆ ತೆಗೆಯುವ ಸ್ಪ್ರೇ, ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತಗಿನ ಬ್ರಷ್‌ನಿಂದ ಉಜ್ಜಿ, ಮತ್ತೊಮ್ಮೆ ಹೊಡೆಯುತ್ತೇನೆ. ಅಂಥ ಹಲವು ಕ್ಲೀನರ್‌ಗಳು ಹೊತ್ತಿಕೊಳ್ಳುತ್ತವೆ, ಬಿಸಿ ಎಂಜಿನ್ನಿನ ಬಳಿ ಬೇಡ. ಪೂರ್ತಿ ಆರಲು ಬಿಡುತ್ತೇನೆ, ಅವಸರವಿದ್ದರೆ ಆ ದಿನ ಕೆಲಸವನ್ನೇ ಶುರುಮಾಡುವುದಿಲ್ಲ. ಹೆಣ್ಣು ಪಿನ್ನು, ಅಂದರೆ ಇನ್ನೊಂದು ಪಿನ್ನನ್ನು ತನ್ನೊಳಗೆ ಹಿಡಿಯುವ ಟೊಳ್ಳು ಪಿನ್ನು, ಸಡಿಲವಾಗಿದೆಯೇ ನೋಡುತ್ತೇನೆ. ಸಡಿಲ ಪಿನ್ನು ಎಂಜಿನ್ ನಡುಕಕ್ಕೆ ಅಲುಗಿ, ಉಜ್ಜಿ ಉಜ್ಜಿ ತನ್ನ ಮೇಲಿನ ತವರದ ಲೇಪವನ್ನೇ ಪುಡಿ ಮಾಡಿಕೊಳ್ಳುತ್ತದೆ. ಅಂಥದಕ್ಕೆ ಯಾವ ಗ್ರೀಸೂ ಮದ್ದಲ್ಲ, ಬಿಗಿ ಮಾಡಬೇಕು ಅಥವಾ ಬದಲಿಸಬೇಕು.

ಇಷ್ಟಾದ ಮೇಲೆ ಗ್ರೀಸ್. ಅದೂ ಸಿಲಿಕೋನ್ ಮೂಲದ ಡೈಎಲೆಕ್ಟ್ರಿಕ್ ಗ್ರೀಸ್ ಮಾತ್ರ. ಸಿಲಿಕೋನ್ ಬೇಡವೆಂದವನೇ ಸಿಲಿಕೋನ್ ಗ್ರೀಸ್ ಅನ್ನುತ್ತಿದ್ದಾನಲ್ಲ ಎನ್ನಬೇಡಿ, ಅದು ಗಟ್ಟಿಯಾಗುವ ಅಂಟು, ಇದು ಎಂದೂ ಗಟ್ಟಿಯಾಗದ ಜಿಡ್ಡು. ಈ ಗ್ರೀಸ್ ವಿದ್ಯುತ್ತನ್ನು ಹರಿಸುವುದಿಲ್ಲ, ಹಾಗಿದ್ದರೆ ಪಿನ್ನಿಗೆ ಹಚ್ಚುವುದು ಹೇಗೆ ಎಂದು ಗೆಳೆಯ ಕೇಳಿದ್ದ. ಪಿನ್ನುಗಳು ಒಂದರೊಳಗೊಂದು ಬಿಗಿಯಾಗಿ ಜಾರಿ ಕೂರುವಾಗ ತಾಗುವ ಜಾಗದ ಗ್ರೀಸ್ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ಮುಟ್ಟುತ್ತದೆ. ಸರಿದ ಗ್ರೀಸ್ ಸುತ್ತ ನಿಂತು ನೀರನ್ನು ತಡೆಯುತ್ತದೆ. ತೆಳ್ಳಗೆ ಹಚ್ಚಿದರೆ ಸಾಕು. ಗೂಡು ತುಂಬ ತುರುಕಿದರೆ ಕನೆಕ್ಟರ್ ಕೊನೆಯವರೆಗೆ ಕೂರುವುದಿಲ್ಲ. 'ಟಿಕ್' ಎಂಬ ಸದ್ದು ಕೇಳಿಸಲೇಬೇಕು. ತಾಮ್ರದ ಪುಡಿ ಬೆರೆಸಿದ ಗ್ರೀಸನ್ನು ಹಲವು ಪಿನ್ನುಗಳ ಕನೆಕ್ಟರಿಗೆ ಖಂಡಿತ ಹಾಕಬೇಡಿ, ಪಕ್ಕದ ಪಿನ್ನಿಗೆ ಕರೆಂಟ್ ಹರಿದೀತು. ಪೆಟ್ರೋಲಿಯಂ ಜೆಲ್ಲಿ ಬ್ಯಾಟರಿಯ ತುದಿಗಳಿಗೆ ಪರವಾಗಿಲ್ಲ, ಎಂಜಿನ್ ಹತ್ತಿರ ಕರಗಿ ಇಳಿದುಹೋಗುತ್ತದೆ. ನೀರು ಓಡಿಸುವ ಸ್ಪ್ರೇ, ಅಂದರೆ ಡಬ್ಲ್ಯೂಡಿ-40 ಅಂಥವು, ಮಳೆಯಲ್ಲಿ ನೆನೆದ ದಿನದ ಉಪಕಾರಕ್ಕೆ ಸರಿ, ಮಳೆಗಾಲದುದ್ದಕ್ಕೂ ಕಾಯುವ ಶಕ್ತಿ ಆ ತೆಳು ಪದರಕ್ಕಿಲ್ಲ.

ಕನೆಕ್ಟರ್ ಕೂರುವ ರೀತಿಗೂ ಗ್ರೀಸಿನಷ್ಟೇ ಬೆಲೆಯಿದೆ. ವೈರ್ ಮೇಲಿಂದ ನೇರವಾಗಿ ಕನೆಕ್ಟರಿನೊಳಕ್ಕೆ ಇಳಿದರೆ ನೀರೂ ಅದೇ ದಾರಿ ಹಿಡಿಯುತ್ತದೆ. ವೈರನ್ನು ಕನೆಕ್ಟರಿಗಿಂತ ಕೆಳಕ್ಕೆ ಒಂದು ಸುತ್ತು ಇಳಿಸಿ, ಅಲ್ಲಿಂದ ಮೇಲೇರಿ ಒಳಗೆ ಹೋಗುವಂತೆ ಕಟ್ಟಿದರೆ ನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ರಬ್ಬರ್ ಟೊಪ್ಪಿಗೆಯಿದ್ದರೆ ಅದರ ಬಾಯಿ ಕೆಳಮುಖವಾಗಿರಲಿ.

ಎಂದೂ ಬಿಚ್ಚಬೇಕಾಗದ ಜಾಯಿಂಟುಗಳ ಮಾತು ಬೇರೆ, ಅಲ್ಲಿ ಮಾತ್ರ ಪೂರ್ತಿ ಮುಚ್ಚುವುದನ್ನು ಒಪ್ಪುತ್ತೇನೆ. ಒಳಗೆ ಅಂಟು ಲೇಪಿಸಿದ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ಹಾಕಿ ಕಾಯಿಸಿದರೆ ಎರಡು ತುದಿಯಲ್ಲೂ ಅಂಟು ಒಸರಿ ವೈರಿನ ಸಿಪ್ಪೆಗೆ ಹಿಡಿದುಕೊಳ್ಳುತ್ತದೆ. ಅರ್ಥ್ ವೈರ್ ಚಾಸಿಗೆ, ಅಂದರೆ ಬೈಕಿನ ಲೋಹದ ಚೌಕಟ್ಟಿಗೆ ಕೂರುವ ಕಡೆ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬೋಲ್ಟ್ ಬಿಗಿದು, ಆಮೇಲೆ ಹೊರಗಿನಿಂದ ಗ್ರೀಸ್ ಸವರಿ. ಎಂಜಿನ್ ಓಡುತ್ತಾ ಹೆಡ್‌ಲೈಟ್ ಹತ್ತಿರುವಾಗ ಬ್ಯಾಟರಿಯ ನೆಗೆಟಿವ್‌ಗೂ ಚಾಸಿಯ ಬರಿ ಲೋಹಕ್ಕೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಆ ಜಾಯಿಂಟನ್ನು ಮತ್ತೆ ಬಿಚ್ಚಬೇಕು.

ಫ್ಯೂಸ್ ಡಬ್ಬಿಗೆ ಬ್ಯಾಟರಿಯಿಂದ ಬರುವ ದಪ್ಪ ಕೆಂಪು ವೈರನ್ನು ಮರೆಯಬೇಡಿ. ಕೀ ತೆಗೆದರೂ ಅದರಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಅಲ್ಲಿ ತೇವ ನಿಂತರೆ ಬೈಕು ಮನೆಯಲ್ಲಿ ನಿಂತಿರುವಾಗಲೂ ಪಾಸಿಟಿವ್ ಪಿನ್ನು ನಿಧಾನವಾಗಿ ಕರಗುತ್ತಲೇ ಇರುತ್ತದೆ. ಪ್ರೆಷರ್ ವಾಟರ್ ವಾಶ್ ಅನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಯಾವ ಮಳೆಯೂ ಅಷ್ಟು ರಭಸದಲ್ಲಿ ಕೆಳಗಿನಿಂದ ಮೇಲಕ್ಕೆ ಹೊಡೆಯುವುದಿಲ್ಲ. ಕರೆಂಟ್ ಇದೆಯೇ ಎಂದು ನೋಡಲು ವೈರಿನ ಸಿಪ್ಪೆಗೆ ಸೂಜಿ ಚುಚ್ಚುವವರ ಕೈಗೆ ಬೈಕು ಕೊಡಬೇಡಿ. ಆ ತೂತು ಮುಚ್ಚಿಕೊಳ್ಳುವುದಿಲ್ಲ, ಮುಂದಿನ ವರ್ಷ ಅಲ್ಲೇ ತಾಮ್ರ ಕಪ್ಪಾಗುತ್ತದೆ. ಪ್ರತಿ ವೈರಿಗೂ ರಬ್ಬರ್ ಸೀಲ್ ಇರುವ ಕನೆಕ್ಟರ್‌ಗಳು ನಿಮ್ಮ ಬೈಕಿನಲ್ಲಿದ್ದರೆ, ಸೀಲ್ ಹರಿದಿಲ್ಲವೆಂದು ನೋಡಿ ಹಾಗೇ ಬಿಡಿ.

ಗೆಳೆಯನ ಬೈಕಿನ ಸಿಲಿಕೋನನ್ನು ನಾನೇ ಎರಡು ದಿನ ಕುಳಿತು ಕಿತ್ತೆ. ಅವನ ಪಿನ್ನುಗಳು ಹಸಿರಾಗಿದ್ದವು, ಸುಟ್ಟಿರಲಿಲ್ಲ. ಒಂದು ಕನೆಕ್ಟರ್ ಮಾತ್ರ ಬದಲಿಸಬೇಕಾಯಿತು.

ನೀವು ಈಗಾಗಲೇ ಎಲ್ಲಾದರೂ ಸಿಲಿಕೋನ್ ತುಂಬಿದ್ದರೆ ಮಳೆ ಬರುವುದನ್ನು ಕಾಯಬೇಡಿ, ಈ ವಾರವೇ ಕತ್ತರಿಸಿ ತೆಗೆಯಿರಿ. ಒಂದೇ ಬಣ್ಣದ ಮೂರು ವೈರುಗಳಿರುವ ಕನೆಕ್ಟರಿನಿಂದ ಶುರುಮಾಡಿ. ಹೆಚ್ಚಾಗಿ ಹಳದಿ ಇರುತ್ತವೆ, ಎಂಜಿನ್ನಿನ ಎಡಬದಿಯಿಂದ ಮೇಲೆ ಬರುವ ವೈರಿನ ಕಟ್ಟನ್ನು ಹಿಡಿದು ಹೋದರೆ ಹಲವು ಬೈಕುಗಳಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಒಂದು ಮೂಲೆಯಲ್ಲಾದರೂ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ತೊಳೆಯುತ್ತಾ ಕೂರಬೇಡಿ, ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ.