ಪಾರ್ಕ್ ಕೈಬದಲಾದರೆ ಕಟ್ಟಿದ ಅಡ್ವಾನ್ಸ್ ಏನಾಗುತ್ತೆ?

ಮೇಡಂ, ಮೈಸೂರು ಹೊರವಲಯದ ಅಮ್ಯೂಸ್‌ಮೆಂಟ್ ಪಾರ್ಕನ್ನು ಬೇರೆಯವರು ಕೊಂಡಿದ್ದಾರೆ, ಡಿಸೆಂಬರ್ ಶಾಲಾ ಪ್ರವಾಸಕ್ಕೆ ಹಳಬರಿಗೆ ಕಟ್ಟಿದ ಅಡ್ವಾನ್ಸ್ ಉಳಿಯುತ್ತಾ, ಪಾರ್ಕೇ ಉಳಿಯುತ್ತಾ ಅಂತ ಕೇಳಿದ್ದೀರಿ.

ಮೊದಲು ಹಳೇ ರಸೀದಿ ತೆಗೆಯಿರಿ. ಜಿಎಸ್‌ಟಿ ಬಿಲ್ ಆಗಿದ್ದರೆ 15 ಅಕ್ಷರ-ಅಂಕಿಗಳ ನಂಬರ್ ಇರುತ್ತೆ. ಮೊದಲಿನ 29 ಕರ್ನಾಟಕದ್ದು, ಮುಂದಿನ ಹತ್ತು ಮಾಲೀಕರ ಪ್ಯಾನ್. ಈಗಿನ ಟಿಕೆಟ್ ಬಿಲ್ಲಿನ ಜೊತೆ ಆ ಹತ್ತನ್ನು ಹೋಲಿಸಿ. ಒಂದೇ ಆಗಿದ್ದರೆ ಕಂಪನಿ ಅದೇ, ಷೇರುದಾರರಷ್ಟೇ ಬದಲು. ನಿಮ್ಮ ಅಡ್ವಾನ್ಸಿಗೂ ಅದೇ ಹೊಣೆ. ಬೇರೆಯಾಗಿದ್ದರೆ ಜಾಗ, ಯಂತ್ರ ಮಾತ್ರ ಮಾರಿರಬಹುದು. ಆಗ ಹೊಸಬರು "ಆ ದುಡ್ಡು ನಮಗೆ ಬಂದೇ ಇಲ್ಲ" ಅಂತ ಕೈತೊಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ದಿನಾಂಕ, ಮಕ್ಕಳ ಸಂಖ್ಯೆ, ಅಡ್ವಾನ್ಸ್ ಮೊತ್ತ ಇಷ್ಟನ್ನೂ ಅವರ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ "ಬನ್ನಿ ಮೇಡಂ, ನೋಡ್ಕೊಳ್ಳೋಣ" ಅಂದರೆ ಸಾಲದು. ತಕರಾರಾದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ದೂರು ಕೊಡಲು ಗಡುವು ಎರಡು ವರ್ಷ.

ಪಾರ್ಕ್ ಉಳಿಯುತ್ತಾ ಅನ್ನೋದನ್ನ ಹೊಸ ಬಣ್ಣ, ಬ್ಯಾನರ್ ನೋಡಿ ಅಳೆಯಬೇಡಿ, ಅದು ಅಗ್ಗದ ಕೆಲಸ. ದುಡ್ಡು ಪಂಪು, ಫಿಲ್ಟರು, ರೈಡ್‌ಗಳ ಬೇರಿಂಗಿಗೆ ಹೋಗುತ್ತಿದೆಯಾ ನೋಡಿ. ದೊಡ್ಡ ರೈಡ್‌ಗಳು ತಿಂಗಳುಗಟ್ಟಲೆ "ದುರಸ್ತಿಯಲ್ಲಿದೆ" ಬೋರ್ಡ್ ಹೊತ್ತು ನಿಂತಿದ್ದರೆ, ನನ್ನ ಪ್ರಕಾರ, ಹೊಸಬರ ಕಣ್ಣು ಪಾರ್ಕಿನ ಮೇಲಲ್ಲ, ಜಾಗದ ಬೆಲೆಯ ಮೇಲಿದೆ.

ಪ್ರವಾಸಕ್ಕೆ ಮುಂಚೆ ಒಬ್ಬರು ಹೋಗಿ ಈಜುಕೊಳದ ತಳದ ಜಾಲರಿ ನೋಡಿ ಬರಲಿ. ದಡದಲ್ಲಿ ನಿಂತರೆ ಅದು ಸ್ಪಷ್ಟವಾಗಿ ಕಾಣಬೇಕು, ಸ್ಕ್ರೂ ಬಿಗಿಯಾಗಿರಬೇಕು. ನೀರು ಕದಡಿ ಜಾಲರಿ ಕಾಣದಿದ್ದರೆ ಮುಳುಗಿದ ಮಗುವೂ ಕಾಣಲ್ಲ. ಆವತ್ತು ಮಕ್ಕಳನ್ನ ನೀರಿಗೆ ಇಳಿಸಲೇಬೇಡಿ.